ಕಡಲ ಮಗಳು ಬು ಚುನ್-ಹ್ವಾ

ಕೊರಿಯಾ ಪರ್ಯಾಯದ್ವೀಪದ ದಕ್ಷಿಣಕ್ಕೆ, ವಿಶಾಲವಾದ ಸಾಗರದ ನಡುವೆ ಜೆಜು ಎಂಬ ದ್ವೀಪವಿದೆ. ಪುರಾತನ ಕಾಲದಲ್ಲಿ ಜ್ವಾಲಾಮುಖಿಯು ಉಗುಳಿದ ಶಿಲಾರಸವು ತಣ್ಣಗಾಗಿ ರೂಪುಗೊಂಡ ನೆಲವದು. ದ್ವೀಪದ ನಡುವೆ ಹಲ್ಲಾಸಾನ್ ಎಂಬ ಪರ್ವತವು 1,900 ಮೀಟರುಗಳಿಗೂ ಮಿಕ್ಕಿ ಎತ್ತರವಾಗಿ ನಿಂತಿದೆ. ಎತ್ತ ನೋಡಿದರೂ ಕರಿಯ ಕಲ್ಲು. ಕಲ್ಲಿನ ಮೇಲೆ ತೆಳುವಾದ ಮಣ್ಣಿನ ಪದರ. ಮಳೆ ಧಾರಾಳವಾಗಿ ಸುರಿದರೂ ನೀರು ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಭತ್ತದ ಬೇಸಾಯಕ್ಕೆ ಅಲ್ಲಿ ಅವಕಾಶ ತೀರ ಕಡಿಮೆ. ಜನರು ನವಣೆ, ಬಾರ್ಲಿಗಳನ್ನು ಬೆಳೆದು ಜೀವಿಸುತ್ತಿದ್ದರು. ಕಲ್ಲು, ಗಾಳಿ, ಹೆಂಗಸರು ಈ ಮೂರಕ್ಕೆ ಜೆಜುವಿನಲ್ಲಿ ಕೊರತೆಯಿಲ್ಲವೆಂಬ ಮಾತು ಆ ನಾಡಿನಲ್ಲಿ ಹಿಂದಿನಿಂದಲೂ ಪ್ರಚಲಿತವಾಗಿದೆ.

ನೆಲವು ಕೊಡಲಾರದುದನ್ನು ಅಲ್ಲಿಯ ಜನರು ಕಡಲಿನಿಂದ ಪಡೆದರು. ಅದನ್ನು ತಂದುಕೊಡುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಅವರಿಗೆ ಹೆನ್ಯೋ ಎಂದು ಹೆಸರು. ಕಡಲ ಹೆಂಗಸು ಎಂಬುದೇ ಆ ಶಬ್ದದ ಅರ್ಥ. ಉಸಿರಾಟಕ್ಕೆ ಯಾವ ಉಪಕರಣದ ನೆರವೂ ಇಲ್ಲದೆ, ಕೇವಲ ತಮ್ಮ ಎದೆಯಲ್ಲಿ ಹಿಡಿದಿಟ್ಟ ಉಸಿರಿನ ಬಲದಿಂದ ಅವರು ಸಮುದ್ರದೊಳಕ್ಕೆ ಮುಳುಗುತ್ತಿದ್ದರು. ಹತ್ತು ಮೀಟರುಗಳಷ್ಟು ಆಳಕ್ಕೆ, ನುರಿತವರಾದರೆ ಇನ್ನೂ ಆಳಕ್ಕೆ ಇಳಿದು, ಬಂಡೆಗಳಿಗೆ ಭದ್ರವಾಗಿ ಅಂಟಿಕೊಂಡಿರುವ ಚಿಪ್ಪಿನ ಪ್ರಾಣಿಗಳನ್ನು ಮೀಟಿ ತೆಗೆಯುತ್ತಿದ್ದರು. ಬಗೆಬಗೆಯ ಕಡಲಪಾಚಿಗಳನ್ನು ಕುಯ್ಯುತ್ತಿದ್ದರು.

ಅವರ ಸಲಕರಣೆಗಳು ತೀರ ಸರಳವಾದುವು. ನೀರಿನ ಮೇಲೆ ತೇಲುವ ಒಂದು ಸೋರೆಬುರುಡೆ, ಅದಕ್ಕೆ ಕಟ್ಟಿದ ಬಲೆಯ ಚೀಲ, ಚಿಪ್ಪುಗಳನ್ನು ಎಬ್ಬಿಸಲು ಕಬ್ಬಿಣದ ಮೀಟುಗೋಲು, ಪಾಚಿಯನ್ನು ಕುಯ್ಯಲು ಕುಡುಗೋಲು ಇವಿಷ್ಟೇ. ಮೈಮೇಲೆ ತೆಳುವಾದ ಹತ್ತಿಯ ಉಡುಪು. ಚಳಿಗಾಲದ ಕೊರೆಯುವ ನೀರಿನಲ್ಲಿಯೂ ಅವರ ಕಾಯಕ ನಿಲ್ಲುತ್ತಿರಲಿಲ್ಲ. ಒಂದೆರಡು ನಿಮಿಷಗಳ ಅನಂತರ ಮೇಲಕ್ಕೆ ಬಂದು ಅವರು ಉಸಿರು ಬಿಡುವಾಗ ಸಿಳ್ಳಿನಂತಹ ಧ್ವನಿಯೊಂದು ಹೊಮ್ಮುತ್ತಿತ್ತು. ತನ್ನ ಉಸಿರಿನ ಅಳವನ್ನು ಮೀರಿ ಆಸೆಪಡಬಾರದೆಂಬುದು ಹಿರಿಯ ಹೆನ್ಯೋಗಳು ಕಿರಿಯರಿಗೆ ಕಲಿಸುತ್ತಿದ್ದ ಮೊದಲ ಪಾಠ. ಇನ್ನೊಂದು ಚಿಪ್ಪನ್ನು ತೆಗೆದುಬಿಡೋಣವೆಂದು ಕ್ಷಣಕಾಲ ತಡಮಾಡಿದವಳು ಮತ್ತೆ ಮೇಲಕ್ಕೆ ಬಾರದೆಯೇ ಹೋಗಬಹುದಾಗಿತ್ತು.

ಕಡಲ ದಡದಲ್ಲಿ, ಗಾಳಿ ಒಳನುಗ್ಗದಂತೆ ಕಲ್ಲುಗೋಡೆಯಿಂದ ಸುತ್ತುವರಿದ ಸಣ್ಣ ಆವರಣಗಳಿದ್ದುವು. ನೀರಿನಿಂದ ಬಂದ ಹೆಂಗಸರು ಅಲ್ಲಿ ಬೆಂಕಿ ಹಾಕಿಕೊಂಡು ಮೈ ಕಾಯಿಸಿಕೊಳ್ಳುತ್ತಿದ್ದರು, ಬಟ್ಟೆ ಬದಲಾಯಿಸುತ್ತಿದ್ದರು, ಮನೆಯ ಕಷ್ಟಸುಖಗಳನ್ನು ಹಂಚಿಕೊಳ್ಳುತ್ತಿದ್ದರು. ಯಾವ ದಿನ ಕಡಲಿಗೆ ಇಳಿಯಬೇಕು, ಎಲ್ಲಿ ಕುಯ್ಯಬೇಕು ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಒಬ್ಬೊಬ್ಬಳೂ ನೀರಿನಾಳದಲ್ಲಿ ಒಂಟಿಯಾಗಿ ದುಡಿಯುತ್ತಿದ್ದರೂ ಯಾರೊಬ್ಬಳೂ ಒಂಟಿಯಾಗಿ ಕಡಲಿಗೆ ಹೋಗುತ್ತಿರಲಿಲ್ಲ. ಒಬ್ಬರ ಪ್ರಾಣವನ್ನು ಇನ್ನೊಬ್ಬರು ಕಾಯುವ ಈ ಕಟ್ಟುಪಾಡು ಅವರ ಬಾಳಿನ ಆಧಾರವಾಗಿತ್ತು. ಮುಂದೆ ಅದೇ ಅವರ ಹೋರಾಟಕ್ಕೂ ಆಧಾರವಾಯಿತು.

ಇಂತಹ ಜನರ ನಡುವೆ, ಜೆಜು ದ್ವೀಪದ ಈಶಾನ್ಯ ಕರಾವಳಿಯಲ್ಲಿರುವ ಹಾದೋ ಎಂಬ ಹಳ್ಳಿಯಲ್ಲಿ, 1908ರಲ್ಲಿ ಬು ಚುನ್-ಹ್ವಾ ಜನಿಸಿದಳು. ಕೊರಿಯನ್ನರ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಬು ಎಂಬುದು ಜೆಜುವಿನ ಪ್ರಾಚೀನ ಮನೆತನಗಳಲ್ಲೊಂದು. ಹಳ್ಳಿಯ ಇತರ ಹುಡುಗಿಯರಂತೆ ಆಕೆಯೂ ಅಲೆಗಳ ಸದ್ದನ್ನು ಕೇಳುತ್ತ ಬೆಳೆದಳು. ಸುಮಾರು ಹದಿನೈದನೆಯ ವಯಸ್ಸಿಗೆ ಹೆನ್ಯೋ ವೃತ್ತಿಯನ್ನು ಕೈಕೊಂಡಳು. ಸಂಸಾರದ ಹೊರೆ ಹೆಣ್ಣುಮಕ್ಕಳ ಹೆಗಲಿನ ಮೇಲಿದ್ದ ಆ ದ್ವೀಪದಲ್ಲಿ ಅದು ಸಹಜವೇ ಆಗಿತ್ತು. ಹೆಂಗಸರು ಹೆರಿಗೆಯ ದಿನಗಳು ಹತ್ತಿರವಾಗುವವರೆಗೂ ನೀರಿಗೆ ಇಳಿಯುತ್ತಿದ್ದರು. ಕಡಲಿನಿಂದ ಮರಳಿದ ಮೇಲೆ ಹೊಲದಲ್ಲಿ ದುಡಿಯುತ್ತಿದ್ದರು.

ಚುನ್-ಹ್ವಾ ಎರಡು ವರ್ಷದ ಕೂಸಾಗಿದ್ದಾಗಲೇ ಆಕೆಯ ನಾಡು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿತ್ತು. 1910ರಲ್ಲಿ ಜಪಾನ್ ಸಾಮ್ರಾಜ್ಯವು ಕೊರಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು. ನಾಡಿನ ಆಡಳಿತ, ನ್ಯಾಯ, ವ್ಯಾಪಾರ, ಶಿಕ್ಷಣ ಎಲ್ಲವೂ ಪರಕೀಯರ ವಶವಾದುವು. 1919ರ ಮಾರ್ಚ್ 1ರಂದು ಕೊರಿಯಾದ ಜನರು ಸ್ವಾತಂತ್ರ್ಯವನ್ನು ಘೋಷಿಸಿ ಬೀದಿಗಿಳಿದರು. ಶಾಂತವಾಗಿ ಆರಂಭವಾದ ಆ ಚಳವಳಿಯನ್ನು ಆಳುವವರು ಕತ್ತಿ ಬಂದೂಕುಗಳಿಂದ ಹತ್ತಿಕ್ಕಿದರು. ಆದರೆ ಆಗ ಹೊತ್ತಿದ ಕಿಡಿ ಪೂರ್ಣವಾಗಿ ನಂದಲಿಲ್ಲ. ನಗರಗಳಲ್ಲಿಯೂ ಹಳ್ಳಿಗಳಲ್ಲಿಯೂ ಅದು ಬೂದಿ ಮುಚ್ಚಿದ ಕೆಂಡದಂತೆ ಉಳಿದಿತ್ತು.

ಜೆಜುವಿನ ಹೆನ್ಯೋಗಳಿಗೆ ಪರಕೀಯರ ಉಪದ್ರವ ಅದಕ್ಕೂ ಮುಂಚೆಯೇ ತಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೇ ಜಪಾನಿನ ಮೀನುಗಾರರು, ಮುಳುಗಿ ಉಸಿರಾಡಲು ಅನುಕೂಲವಾದ ಯಂತ್ರಸಾಧನಗಳೊಡನೆ ದ್ವೀಪದ ಸುತ್ತಲಿನ ಕಡಲಿಗೆ ಬರತೊಡಗಿದ್ದರು. ತಲೆತಲಾಂತರಗಳಿಂದ ಮಿತವಾಗಿ ಬಳಸಿಕೊಂಡು ಬಂದಿದ್ದ ಕಡಲಿನ ಸಂಪತ್ತನ್ನು ಅವರು ಕೆಲವೇ ವರ್ಷಗಳಲ್ಲಿ ಬರಿದುಮಾಡಿದರು. ತಮ್ಮ ತೀರದಲ್ಲಿ ಸಾಕಷ್ಟು ದೊರೆಯದೆ ಹೋದಾಗ ಜೆಜುವಿನ ಹೆಂಗಸರು ಹೊಟ್ಟೆಪಾಡಿಗಾಗಿ ಬುಸಾನ್ ಮೊದಲಾದ ದೂರದ ಕರಾವಳಿಗಳಿಗೂ ಜಪಾನಿನ ದ್ವೀಪಗಳಿಗೂ ದೋಣಿಯೇರಿ ಹೋಗಬೇಕಾಯಿತು. ಅಲ್ಲಿ ದಲ್ಲಾಳಿಗಳು ಅವರಿಗೆ ಮುಂಗಡ ಕೊಟ್ಟು ಸಾಲದ ಸುಳಿಯಲ್ಲಿ ಸಿಲುಕಿಸುತ್ತಿದ್ದರು.

ಈ ಶೋಷಣೆಯಿಂದ ಹೆನ್ಯೋಗಳನ್ನು ಪಾರುಮಾಡುವ ಉದ್ದೇಶದಿಂದ 1920ರಲ್ಲಿ ಅವರದೇ ಒಂದು ಸಂಘವು ಸ್ಥಾಪಿತವಾಯಿತು. ಸರಕನ್ನು ಒಟ್ಟಾಗಿ ಮಾರಿ, ದುಡಿದವರಿಗೆ ನ್ಯಾಯವಾದ ಬೆಲೆ ದೊರಕಿಸುವುದು ಅದರ ಗುರಿಯಾಗಿತ್ತು. ಆದರೆ ಬಹು ಬೇಗ ಅದು ಅಧಿಕಾರಿಗಳ ಕೈಸೇರಿತು. ದ್ವೀಪವನ್ನು ಆಳುತ್ತಿದ್ದ ಜಪಾನೀ ಅಧಿಕಾರಿಯೇ ಸಂಘದ ಅಧ್ಯಕ್ಷನೂ ಆದನು. ಪೊಲೀಸ್ ಮುಖ್ಯಸ್ಥನೂ ಅವನೇ. ಬೆಲೆಯನ್ನು ಗೊತ್ತುಮಾಡುವವನು, ದೂರನ್ನು ಕೇಳುವವನು, ದೂರು ಕೊಟ್ಟವರನ್ನು ಸೆರೆಯಲ್ಲಿಡುವವನು ಎಲ್ಲರೂ ಒಬ್ಬನೇ ಆದ ಮೇಲೆ ಬಡಪಾಯಿಗಳು ಯಾರ ಬಾಗಿಲನ್ನು ತಟ್ಟಬೇಕು? ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು.

ಸಂಘವು ಪ್ರತಿಯೊಂದು ಸರಕನ್ನೂ ತಾನು ಗೊತ್ತುಪಡಿಸಿದ ವ್ಯಾಪಾರಿಗೇ ಮಾರಬೇಕೆಂದು ಕಟ್ಟಳೆ ಮಾಡಿತು. ಬೇರೊಬ್ಬ ವ್ಯಾಪಾರಿ ಹೆಚ್ಚು ಬೆಲೆ ಕೊಡಲು ಮುಂದೆ ಬಂದರೂ ಹೆನ್ಯೋ ಅವನಿಗೆ ಮಾರುವಂತಿರಲಿಲ್ಲ. ಸ್ಪರ್ಧೆಯಿಲ್ಲದ ಕಡೆ ಕೊಳ್ಳುವವನು ಹೇಳಿದ್ದೇ ಬೆಲೆ. ಅದರ ಮೇಲೆ ಸಂಘದ ಚಂದಾ, ದಸ್ತೂರಿಗಳ ಹೊರೆ ಬೇರೆ. ಕಾಯಿಲೆ ಬಿದ್ದವರಿಗೂ ವಯಸ್ಸಾದವರಿಗೂ ಚಂದಾದಿಂದ ವಿನಾಯಿತಿ ಇರಲಿಲ್ಲ. ಲೆಕ್ಕಪತ್ರಗಳು ಹೇಗಿವೆಯೆಂಬುದು ಸದಸ್ಯರಿಗೆ ತಿಳಿಯುತ್ತಿರಲಿಲ್ಲ. ತೂಕದಲ್ಲಿಯೂ ಮೋಸ ನಡೆಯುತ್ತಿತ್ತು. ತೂಗುಗೋಲಿನ ಮೇಲಿನ ಗೆರೆಗಳನ್ನು ಓದಲು ಬಾರದ ಹೆಂಗಸರು, ವ್ಯಾಪಾರಿ ಕೂಗಿದ ತೂಕವನ್ನೇ ನಂಬಿ, ಅವನು ಕೈಗಿಟ್ಟ ಹಣವನ್ನು ಪಡೆದು ಮನೆಗೆ ಮರಳುತ್ತಿದ್ದರು. ಪ್ರಾಣವನ್ನು ಪಣವಾಗಿಟ್ಟು ತಂದ ಸರಕಿನ ಬೆಲೆಯೇನೆಂದು ತಿಳಿಯುವ ಅಧಿಕಾರವೂ ಅವರಿಗಿರಲಿಲ್ಲ.

ಈ ಕತ್ತಲೆಯಲ್ಲಿ ಬೆಳಕಿನ ಕಿರಣದಂತೆ ಬಂದುದು ರಾತ್ರಿಶಾಲೆ. ವಿದ್ಯಾವಂತರಾದ ಕೆಲವು ತರುಣರು ಹಾದೋವಿನ ಶಾಲೆಯಲ್ಲಿ ಹೆನ್ಯೋಗಳಿಗಾಗಿ ರಾತ್ರಿಯ ತರಗತಿಗಳನ್ನು ತೆರೆದರು. ಕಾಂಗ್ ಗ್ವಾನ್-ಸುನ್, ಓ ಮುನ್-ಗ್ಯು, ಕಿಮ್ ಸುನ್-ಜೊಂಗ್ ಮೊದಲಾದವರು ಅಲ್ಲಿ ಪಾಠ ಹೇಳಿದರು. ಇವರು ನಾಡಿನ ಬಿಡುಗಡೆಗಾಗಿ ಗುಪ್ತವಾಗಿ ಸಂಘಟನೆ ನಡೆಸುತ್ತಿದ್ದವರು. ಹಗಲೆಲ್ಲ ಕಡಲಿನಲ್ಲಿಯೂ ಹೊಲದಲ್ಲಿಯೂ ದುಡಿದು ದಣಿದ ಹೆಣ್ಣುಮಕ್ಕಳು ರಾತ್ರಿ ದೀಪದ ಬೆಳಕಿನಲ್ಲಿ ಅಕ್ಷರಗಳನ್ನು ತಿದ್ದತೊಡಗಿದರು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಅದೊಂದು ದೊಡ್ಡ ಹೆಜ್ಜೆ. ಚುನ್-ಹ್ವಾ ಆ ಶಾಲೆಯಿಂದ ಉತ್ತೀರ್ಣರಾದ ಮೊದಲನೆಯ ತಂಡಕ್ಕೆ ಸೇರಿದವಳು. ಆಕೆಯ ಗೆಳತಿಯರಾದ ಕಿಮ್ ಓಕ್-ರ್ಯೋನ್ ಮತ್ತು ಬು ದೋಕ್-ರ್ಯಾಂಗ್ ಸಹ ಅಲ್ಲಿಯೇ ಓದಿದರು.

ರಾತ್ರಿಶಾಲೆಯಲ್ಲಿ ಅವರು ಕೊರಿಯನ್ ಲಿಪಿಯನ್ನು ಕಲಿತರು; ನಾಡಿನ ಚರಿತ್ರೆಯನ್ನು ಕೇಳಿದರು; ಲೆಕ್ಕ ಮಾಡುವುದನ್ನು ಅಭ್ಯಾಸಮಾಡಿದರು. ತೂಗುಗೋಲಿನ ಗೆರೆಗಳನ್ನು ಓದುವುದನ್ನೂ ಕಲಿತರು. ಹೊರಗಿನವರ ಕಣ್ಣಿಗೆ ಇದು ಅತ್ಯಲ್ಪವಾದ ವಿದ್ಯೆಯೆಂದು ತೋರಬಹುದು. ಆದರೆ ಹೆನ್ಯೋಗಳ ಪಾಲಿಗೆ ಅದು ಕಣ್ಣು ತೆರೆಸಿದ ವಿದ್ಯೆ. ತೂಕವನ್ನು ತಾವೇ ಓದತೊಡಗಿದ ಮೇಲೆ, ಇಷ್ಟು ಕಾಲ ತಮ್ಮ ದುಡಿಮೆ ಎಲ್ಲಿ ಸೋರಿಹೋಗುತ್ತಿತ್ತೆಂಬುದು ಅವರಿಗೆ ನಿಚ್ಚಳವಾಯಿತು. ತಮ್ಮ ಬಡತನಕ್ಕೆ ಹಣೆಬರಹ ಕಾರಣವಲ್ಲ, ಆಳುವವರ ಅನ್ಯಾಯವೇ ಕಾರಣ ಎಂಬ ತಿಳಿವಳಿಕೆ ಅವರಲ್ಲಿ ಮೂಡಿತು. ತೂಗುಗೋಲಿನ ಒಂದು ಗೆರೆಯಿಂದ ಆರಂಭವಾದ ಪ್ರಶ್ನೆ ಪರಕೀಯರ ಆಳ್ವಿಕೆಯ ಬುಡವನ್ನು ಮುಟ್ಟಿತು.

ಚುನ್-ಹ್ವಾಳ ಧೈರ್ಯವನ್ನೂ ಮಾತಿನಲ್ಲಿದ್ದ ಸ್ಪಷ್ಟತೆಯನ್ನೂ ಕಂಡ ಹೆಂಗಸರು ಇಪ್ಪತ್ತರ ಹರೆಯದಲ್ಲಿಯೇ ಆಕೆಯನ್ನು ತಮ್ಮ ಪ್ರತಿನಿಧಿಯನ್ನಾಗಿ ಆರಿಸಿಕೊಂಡರು. ಆಕೆಗೆ ಆಸ್ತಿಯ ಬಲವಾಗಲಿ ಅಧಿಕಾರದ ಬಲವಾಗಲಿ ಇರಲಿಲ್ಲ. ತಮ್ಮೊಡನೆ ಅದೇ ನೀರಿನಲ್ಲಿ ಮುಳುಗಿ, ಅದೇ ಬೆಂಕಿಯ ಮುಂದೆ ಮೈ ಕಾಯಿಸಿಕೊಳ್ಳುವವಳೆಂಬ ನಂಬಿಕೆಯೇ ಆಕೆಯ ಬಂಡವಾಳ. ಆ ನಂಬಿಕೆಗೆ ಆಕೆ ಎಂದೂ ದ್ರೋಹ ಬಗೆಯಲಿಲ್ಲ.

1930ರಲ್ಲಿ ಸಮೀಪದ ಸೊಂಗ್ಸಾನ್ ರೇವಿನಲ್ಲಿ ಒಂದು ಅನ್ಯಾಯ ನಡೆಯಿತು. ಒಂದು ಬಗೆಯ ಕೆಂಪು ಕಡಲಪಾಚಿಯನ್ನು ಸಂಘದವರು ತೀರ ಕಡಿಮೆ ಬೆಲೆಗೆ ವ್ಯಾಪಾರಿಗಳಿಗೆ ಒಪ್ಪಿಸಿದರು. ಇದನ್ನು ಬಯಲಿಗೆಳೆದ ತರುಣರನ್ನು ಪೊಲೀಸರು ಬಂಧಿಸಿದರು. ಮರುವರ್ಷ ಹಾದೋವಿನಲ್ಲಿಯೇ ಅದೇ ಕಥೆ ಪುನರಾವರ್ತಿಸಿತು. ಚಿಪ್ಪಿನ ಪ್ರಾಣಿಗಳಿಗೂ ಕಂದುಬಣ್ಣದ ಕಡಲಪಾಚಿಗೂ ಮೊದಲು ಗೊತ್ತುಮಾಡಿದ್ದ ಬೆಲೆಯನ್ನು ಸಂಘವು ಇದ್ದಕ್ಕಿದ್ದಂತೆ ಇಳಿಸಿತು. ಸಂಕಟದಲ್ಲಿದ್ದ ಹೆನ್ಯೋಗಳಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಮನವಿಗಳು ಹೋದುವು, ಉತ್ತರ ಬರಲಿಲ್ಲ. ಕಲ್ಲುಗೋಡೆಯ ಆವರಣಗಳಲ್ಲಿ, ಬೆಂಕಿಯ ಸುತ್ತ ಕುಳಿತ ಹೆಂಗಸರ ಮಾತು ದಿನದಿಂದ ದಿನಕ್ಕೆ ಬಿಸಿಯೇರಿತು.

1931ರ ಡಿಸೆಂಬರ್ ತಿಂಗಳಿನಲ್ಲಿ ಹಾದೋವಿನ ಹೆನ್ಯೋಗಳು ಸಭೆ ಸೇರಿ ತಮ್ಮ ಬೇಡಿಕೆಗಳನ್ನು ಪಟ್ಟಿಮಾಡಿದರು. ಚುನ್-ಹ್ವಾ ಮೊದಲಾದವರು ಪ್ರತಿನಿಧಿಗಳಾದರು. ಜೆಜು ಪಟ್ಟಣದಲ್ಲಿದ್ದ ಸಂಘದ ಮುಖ್ಯ ಕಚೇರಿಗೆ ಸಮುದ್ರಮಾರ್ಗವಾಗಿ ಹೋಗಿ ಬೇಡಿಕೆಗಳನ್ನು ನೇರವಾಗಿ ಮಂಡಿಸುವುದೆಂದು ನಿಶ್ಚಯವಾಯಿತು. ಆದರೆ ಚಳಿಗಾಲದ ಬಿರುಗಾಳಿ ಎದ್ದು ದೋಣಿ ಮುಂದುವರಿಯಲಾರದೆ ಹಿಂದಿರುಗಬೇಕಾಯಿತು. ಕಡಲು ದಾರಿ ಕೊಡದಿದ್ದರೇನಂತೆ, ನೆಲದ ದಾರಿ ತೆರೆದೇ ಇತ್ತು. ಸೋಲನ್ನು ಒಪ್ಪಿಕೊಳ್ಳದ ಚುನ್-ಹ್ವಾ ಮತ್ತು ಗೆಳತಿಯರು ಸಂತೆಯ ದಿನಕ್ಕಾಗಿ ಕಾದರು.

ಪಕ್ಕದ ಸೆಹ್ವಾ ಎಂಬ ಊರಿನಲ್ಲಿ ಐದು ದಿನಗಳಿಗೊಮ್ಮೆ ಸಂತೆ ಸೇರುತ್ತಿತ್ತು. 1932ರ ಜನವರಿ 7ರಂದು, ಸಂತೆಯ ದಿನ, ಹಾದೋವಿನಿಂದ ಸುಮಾರು 300 ಮಂದಿ ಹೆನ್ಯೋಗಳು ಮೆರವಣಿಗೆ ಹೊರಟರು. ಅವರ ಕೈಗಳಲ್ಲಿ ದಿನನಿತ್ಯ ಬಳಸುವ ಕುಡುಗೋಲುಗಳೂ ಮೀಟುಗೋಲುಗಳೂ ಇದ್ದುವು. ದಾರಿಯುದ್ದಕ್ಕೂ ನೆರೆಯ ಹಳ್ಳಿಗಳ ಹೆಂಗಸರು ಬಂದು ಕೂಡಿಕೊಂಡರು. ಹನಿಗೂಡಿ ಹಳ್ಳವಾಯಿತು. ಸಂತೆಯಲ್ಲಿ ನೆರೆದಿದ್ದ ಜನರ ಮುಂದೆ ಪ್ರತಿನಿಧಿಗಳು ತಮ್ಮ ಅಳಲನ್ನು ತೋಡಿಕೊಂಡರು. ಅನಂತರ ಮೆರವಣಿಗೆಯು ಜೆಜು ಪಟ್ಟಣದ ಕಡೆಗೆ ಹೊರಟಿತು. ಮಾರ್ಗಮಧ್ಯದಲ್ಲಿ ಪ್ಯೋಂಗ್‌ದೆ ಎಂಬಲ್ಲಿ ಸ್ಥಳೀಯ ಅಧಿಕಾರಿಯು ಅವರನ್ನು ತಡೆದು, ಬೇಡಿಕೆಗಳನ್ನು ಈಡೇರಿಸುವುದಾಗಿ ಭರವಸೆಯಿತ್ತನು. ಆ ಮಾತನ್ನು ನಂಬಿದ ಹೆಂಗಸರು ಸಂಜೆಯ ವೇಳೆಗೆ ಚದುರಿದರು.

ಆದರೆ ಆ ಭರವಸೆ ನೀರಿನ ಮೇಲಿನ ಬರೆಹವಾಯಿತು. ಸಂಘವು ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಇದೇ ಸಮಯಕ್ಕೆ, ದ್ವೀಪದ ಆಡಳಿತಾಧಿಕಾರಿಯೂ ಸಂಘದ ಅಧ್ಯಕ್ಷನೂ ಆಗಿದ್ದ ತಾಗುಚಿಯು ಆ ಪ್ರದೇಶದಲ್ಲಿ ಪ್ರವಾಸ ಕೈಕೊಳ್ಳುವನೆಂಬ ಸುದ್ದಿ ಬಂದಿತು. ಆತನು ಸೆಹ್ವಾ ಊರನ್ನು ಹಾದುಹೋಗಬೇಕಾಗಿದ್ದ ಜನವರಿ 12 ಮತ್ತೆ ಸಂತೆಯ ದಿನವಾಗಿತ್ತು. ಇಂತಹ ಅವಕಾಶ ಮತ್ತೆ ದೊರೆಯದೆಂದು ಚುನ್-ಹ್ವಾ ಮನಗಂಡಳು. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹರಡಿತು.

ಆ ದಿನ ಸೆಹ್ವಾ ಊರಿನ ಸಂತೆಯ ಬಯಲು ಹಿಂದೆಂದೂ ಕಾಣದ ದೃಶ್ಯವನ್ನು ಕಂಡಿತು. ಹಾದೋ, ಸೆಹ್ವಾ, ಜೊಂಗ್‌ದಾಲ್, ಉದೋ ಮೊದಲಾದ ಹಳ್ಳಿಗಳಿಂದಲೂ ಕಿರುದ್ವೀಪಗಳಿಂದಲೂ ಸಾವಿರಕ್ಕೂ ಮಿಕ್ಕಿ ಹೆನ್ಯೋಗಳು ಬಂದು ನೆರೆದರು. ಕುಡುಗೋಲು ಹಿಡಿದ ಆ ಹೆಂಗಸರ ಗುಂಪು ಅಧಿಕಾರಿಯ ಕಾರನ್ನು ಸುತ್ತುವರಿಯಿತು. ಗಾಬರಿಗೊಂಡ ಅಧಿಕಾರಿ ಪಾರಾಗಲು ಯತ್ನಿಸಿದನು. ಪೊಲೀಸರು ಕತ್ತಿ ಹಿರಿದು ಬೆದರಿಸಿದರು. ಹೆಂಗಸರು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಪ್ರತಿದಿನವೂ ಸಾವಿನ ಅಂಚಿನಿಂದ ಉಸಿರು ಹಿಡಿದು ಮರಳಿ ಬರುವವರಿಗೆ ಕತ್ತಿಯ ಅಂಜಿಕೆ ಎಲ್ಲಿಯದು? ಬೇರೆ ದಾರಿ ಕಾಣದೆ ಅಧಿಕಾರಿಯು ಪ್ರತಿನಿಧಿಗಳೊಡನೆ ಮಾತುಕತೆಗೆ ಒಪ್ಪಿಕೊಂಡನು.

ಚುನ್-ಹ್ವಾ ಮತ್ತು ಆಕೆಯ ಸಂಗಾತಿಗಳು ಆ ಅಧಿಕಾರಿಯ ಎದುರಿನಲ್ಲಿ ನಿರ್ಭಯವಾಗಿ ತಮ್ಮ ಬೇಡಿಕೆಗಳನ್ನು ಮುಂದಿಟ್ಟರು. ಗೊತ್ತುಪಡಿಸಿದ ವ್ಯಾಪಾರಿಗೇ ಮಾರಬೇಕೆಂಬ ಕಟ್ಟಳೆಯನ್ನು ತೆಗೆದುಹಾಕಬೇಕು; ರೋಗಿಗಳು, ಎಳೆಯರು ಮತ್ತು ವಯಸ್ಸಾದವರನ್ನು ಸಂಘದ ಚಂದಾದಿಂದ ಬಿಡಬೇಕು; ಪ್ರತಿನಿಧಿಗಳನ್ನು ಹೆನ್ಯೋಗಳೇ ಆರಿಸಬೇಕು; ಸಂಘದ ಲೆಕ್ಕಪತ್ರಗಳನ್ನು ಬಹಿರಂಗಪಡಿಸಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದುವು. ಈ ಬೇಡಿಕೆಗಳಲ್ಲಿ ಒಂದಾದರೂ ಅತಿಯಾಸೆಯದಲ್ಲ. ಉಸಿರಿನ ಅಳವನ್ನು ಮೀರಿ ಆಸೆಪಡಬಾರದೆಂದು ಕಲಿತವರು, ತಮ್ಮ ಉಸಿರಿನಿಂದ ಗಳಿಸಿದುದನ್ನು ಮಾತ್ರ ಕೇಳಿದ್ದರು. ಕೆಲವೇ ದಿನಗಳಲ್ಲಿ ಎಲ್ಲವನ್ನೂ ಸರಿಪಡಿಸುವುದಾಗಿ ಮಾತು ಕೊಟ್ಟು ಅಧಿಕಾರಿಯು ಅಲ್ಲಿಂದ ಪಾರಾದನು.

ಹೋದವನು ಬೇಡಿಕೆಗಳನ್ನು ಈಡೇರಿಸುವ ಬದಲು ಪೊಲೀಸರನ್ನು ಅಟ್ಟಿದನು. ಹೆಂಗಸರ ಹಿಂದೆ ಇರುವವರು ರಾತ್ರಿಶಾಲೆಯ ಗುರುಗಳೇ ಎಂದು ಬಗೆದ ಸರಕಾರವು ಅವರನ್ನು ಹುಡುಕಿ ಬಂಧಿಸತೊಡಗಿತು. ತಮಗೆ ಅಕ್ಷರ ಕಲಿಸಿದವರನ್ನು ಸೆರೆಗೊಯ್ದ ಸುದ್ದಿ ಕೇಳಿ ಹೆನ್ಯೋಗಳು ಕೆರಳಿದರು. ಜನವರಿ 24ರಂದು ಅವರು ಸೆಹ್ವಾ ಊರಿನ ಪೊಲೀಸ್ ಠಾಣೆಗೆ ನುಗ್ಗಿ ಬಂಧಿತರನ್ನು ಬಿಡಿಸಿಕೊಳ್ಳಲು ಯತ್ನಿಸಿದರು. ಉದೋ ಎಂಬ ಕಿರುದ್ವೀಪಕ್ಕೆ ತರುಣರನ್ನು ಹಿಡಿಯಲು ಹೋದ ಪೊಲೀಸರನ್ನು ನೂರಾರು ಹೆಂಗಸರು ಅಡ್ಡಗಟ್ಟಿದರು. ಪರಿಸ್ಥಿತಿ ಕೈಮೀರುತ್ತಿದೆಯೆಂದು ಕಂಡ ಅಧಿಕಾರಿಗಳು ಸಮುದ್ರದಾಚೆಯ ಪ್ರಾಂತದಿಂದ ಹೆಚ್ಚಿನ ಪೊಲೀಸ್ ಪಡೆಯನ್ನು ಕರೆಸಿಕೊಂಡರು. ಹಳ್ಳಿಹಳ್ಳಿಗಳಲ್ಲಿ ಬಂಧನಗಳು ನಡೆದುವು. ಜನವರಿ ತಿಂಗಳ ಕೊನೆಯ ಹೊತ್ತಿಗೆ ಚಳವಳಿಯನ್ನು ಬಲಪ್ರಯೋಗದಿಂದ ಅಡಗಿಸಲಾಯಿತು.

ಚುನ್-ಹ್ವಾ, ಓಕ್-ರ್ಯೋನ್, ದೋಕ್-ರ್ಯಾಂಗ್ ಮೂವರೂ ಸೆರೆಯಾದರು. ಆಗ ಚುನ್-ಹ್ವಾಳಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಸುಮಾರು ಆರು ತಿಂಗಳ ಕಾಲ ಅವರನ್ನು ಬಂಧನದಲ್ಲಿಟ್ಟು ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ಹೆಂಗಸರು ಸ್ವಂತ ಬುದ್ಧಿಯಿಂದ ಇಷ್ಟು ದೊಡ್ಡ ಚಳವಳಿಯನ್ನು ನಡೆಸಬಲ್ಲರೆಂಬುದನ್ನು ಆಳುವವರು ನಂಬಲಾರದೆ ಹೋದರು. ಕತ್ತಲೆಯ ಕೋಣೆ, ಹಸಿವು, ಹೊಡೆತ ಇವು ದೇಹವನ್ನು ಕುಗ್ಗಿಸಿದುವೇ ಹೊರತು ಆ ತರುಣಿಯರ ಮನಸ್ಸನ್ನು ಮುರಿಯಲಾರದೆ ಹೋದುವು.

ಈ ಹೋರಾಟಕ್ಕೆ ತೆತ್ತ ಬೆಲೆ ಅಲ್ಪವಾದುದಲ್ಲ. ಮೂವರಲ್ಲಿ ಕಿರಿಯಳಾಗಿದ್ದ ಬು ದೋಕ್-ರ್ಯಾಂಗ್ ಸೆರೆಯಿಂದ ಹೊರಬಂದ ಮೇಲೂ ಪೂರ್ಣವಾಗಿ ಚೇತರಿಸಿಕೊಳ್ಳದೆ 1939ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಗುರುವಾದ ಕಾಂಗ್ ಗ್ವಾನ್-ಸುನ್ ಎರಡೂವರೆ ವರ್ಷಗಳ ಸೆರೆವಾಸವನ್ನು ಅನುಭವಿಸಿದನು. ಹೆನ್ಯೋಗಳ ಕಷ್ಟಜೀವನವನ್ನು ಕುರಿತು ಆತನು ರಚಿಸಿದ ಹಾಡು ಜೆಜುವಿನ ಹೆಂಗಸರ ಬಾಯಲ್ಲಿ ಉಳಿದುಬಂದಿತು. ನಾಡು ಬಿಡುಗಡೆಯಾಗುವುದನ್ನು ಕಾಣುವ ಭಾಗ್ಯ ಆತನಿಗೂ ಇರಲಿಲ್ಲ. 1942ರಲ್ಲಿ ಆತನು ಮರಣಹೊಂದಿದನು.

ಬಿಡುಗಡೆ ಹೊಂದಿದ ಮೇಲೆ ಚುನ್-ಹ್ವಾ ಜಪಾನಿನ ಒಸಾಕಾ ನಗರಕ್ಕೆ ಹೋಗಿ ನೆಲೆಸಿದಳು. ಜೆಜುವಿನ ಸಾವಿರಾರು ಜನರು ಆ ಕಾಲದಲ್ಲಿ ಕೂಲಿಯನ್ನು ಅರಸಿ ಆ ಕೈಗಾರಿಕಾ ನಗರವನ್ನು ಸೇರಿದ್ದರು. ತನ್ನ ನಾಡನ್ನು ತುಳಿದವರ ನೆಲದಲ್ಲಿಯೇ ಬದುಕನ್ನು ಕಟ್ಟಿಕೊಳ್ಳಬೇಕಾಗಿ ಬಂದುದು ವಿಧಿಯ ವಿಪರ್ಯಾಸ. 1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿದು ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಮರುವರ್ಷ ಚುನ್-ಹ್ವಾ ತಾಯ್ನಾಡಿಗೆ ಹಿಂದಿರುಗಿದಳು. ಮುಂದೆ ಬುಸಾನ್ ನಗರದಲ್ಲಿ ಬಾಳಿ, 1995ರಲ್ಲಿ ಕಾಲವಾದಳು.

ಆಕೆಯ ಜೀವಿತಕಾಲದಲ್ಲಿ ಸರಕಾರದ ಗೌರವವು ಆಕೆಯನ್ನು ಅರಸಿ ಬರಲಿಲ್ಲ. 2003ರಲ್ಲಿ ದಕ್ಷಿಣ ಕೊರಿಯಾದ ಸರಕಾರವು ಬು ಚುನ್-ಹ್ವಾಳನ್ನೂ ಕಿಮ್ ಓಕ್-ರ್ಯೋನಳನ್ನೂ ಸ್ವಾತಂತ್ರ್ಯ ಹೋರಾಟಗಾರರೆಂದು ಪದಕವಿತ್ತು ಮನ್ನಿಸಿತು. ಎರಡು ವರ್ಷಗಳ ಅನಂತರ ದೋಕ್-ರ್ಯಾಂಗಳಿಗೂ ಆ ಗೌರವವು ಸಂದಿತು. ಮೂವರು ಗೆಳತಿಯರಲ್ಲಿ ಅದನ್ನು ಕಣ್ಣಾರೆ ಕಂಡವಳು 2005ರವರೆಗೆ ಬದುಕಿದ್ದ ಓಕ್-ರ್ಯೋನ್ ಒಬ್ಬಳೇ. ಹೆಂಗಸರು ಮೆರವಣಿಗೆ ನಡೆಸಿದ ಪ್ರದೇಶದಲ್ಲಿಯೇ 1998ರಲ್ಲಿ ಈ ಚಳವಳಿಯ ಸ್ಮಾರಕಸ್ತಂಭವು ಎದ್ದುನಿಂತಿತು. ಅದರ ಬಳಿ 2006ರಲ್ಲಿ ಹೆನ್ಯೋ ವಸ್ತುಸಂಗ್ರಹಾಲಯವು ತೆರೆಯಿತು. ಸೋರೆಬುರುಡೆಗಳು, ಮೀಟುಗೋಲುಗಳು, ಹತ್ತಿಯ ಉಡುಪುಗಳು ಅಲ್ಲಿ ಗತಕಾಲದ ಕಥೆಯನ್ನು ಹೇಳುತ್ತಿವೆ.

ಬಲವಾದ ಪೊಲೀಸ್ ಪಡೆಯ ಮುಂದೆ ಹೆನ್ಯೋಗಳ ಹೋರಾಟವು ಅಡಗಿಹೋಯಿತು, ನಿಜ. ಆದರೆ ಅದರ ವಿಸ್ತಾರವನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1931 ಮತ್ತು 1932ರ ನಡುವೆ 200ಕ್ಕೂ ಹೆಚ್ಚು ಸಭೆಗಳೂ ಪ್ರತಿಭಟನೆಗಳೂ ನಡೆದುವು. ಅವುಗಳಲ್ಲಿ ಒಟ್ಟು 17,000ಕ್ಕೂ ಮಿಕ್ಕಿ ಜನರು ಭಾಗವಹಿಸಿದರೆಂದು ಲೆಕ್ಕಹಾಕಲಾಗಿದೆ. ಜಪಾನಿನ ಆಳ್ವಿಕೆಯ ಕಾಲದಲ್ಲಿ ಹೆಂಗಸರೇ ಮುಂದಾಳುಗಳಾಗಿ ನಡೆಸಿದ ಚಳವಳಿಗಳಲ್ಲಿ ಇದು ಅತ್ಯಂತ ದೊಡ್ಡದೆಂದು ಕೊರಿಯಾದ ಚರಿತ್ರೆಯಲ್ಲಿ ಹೆಸರು ಪಡೆದಿದೆ.

2016ರಲ್ಲಿ ಜೆಜುವಿನ ಹೆನ್ಯೋ ಸಂಸ್ಕೃತಿಯು ಯುನೆಸ್ಕೋ ಸಂಸ್ಥೆಯ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಇಂದು ಆ ವೃತ್ತಿಯಲ್ಲಿರುವವರು ಮೂರು ಸಾವಿರಕ್ಕೂ ಕಡಿಮೆ. ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದ ಅಜ್ಜಿಯರು. ಆದರೂ ಹಾದೋವಿನ ದಡದಲ್ಲಿ ಕಡಲು ಶಾಂತವಾಗಿರುವ ಬೆಳಗುಗಳಲ್ಲಿ, ನೀರಿನಿಂದ ಮೇಲೆದ್ದ ಹೆನ್ಯೋ ಉಸಿರು ಬಿಡುವ ಸಿಳ್ಳುಧ್ವನಿ ಈಗಲೂ ಕೇಳಿಬರುತ್ತದೆ.

ಬು ಚುನ್-ಹ್ವಾ ರಾಜ್ಯವನ್ನು ಆಳಿದವಳಲ್ಲ, ಸೈನ್ಯವನ್ನು ನಡೆಸಿದವಳಲ್ಲ. ಹಗಲು ದುಡಿದು ರಾತ್ರಿ ಓದಿದ ಹಳ್ಳಿಯ ಹೆಣ್ಣುಮಗಳು ಆಕೆ. ತಾನು ಕಲಿತ ನಾಲ್ಕಕ್ಷರವನ್ನು ತನ್ನೊಬ್ಬಳ ಏಳಿಗೆಗಾಗಿ ಬಳಸದೆ, ತನ್ನವರೆಲ್ಲರ ಹಕ್ಕಿಗಾಗಿ ಬಳಸಿದಳು. ತೂಗುಗೋಲಿನ ಗೆರೆಯನ್ನು ಓದಲು ಕಲಿತವಳು ಸುಳ್ಳು ತೂಕವನ್ನು ಸಹಿಸಲಾರದೆ ಹೋದಳು. ಆಕೆಯ ಹೋರಾಟವು ಹುಟ್ಟಿದುದು ಇಲ್ಲಿಂದಲೇ. ವಿದ್ಯೆಯು ಅನ್ಯಾಯವನ್ನು ಗುರುತಿಸುವ ಕಣ್ಣನ್ನು ಕೊಡಬೇಕು. ಗುರುತಿಸಿದುದನ್ನು ಎದುರಿಸುವ ಎದೆಯನ್ನು ನಾವೇ ಬೆಳೆಸಿಕೊಳ್ಳಬೇಕು. ಆ ಎರಡನ್ನೂ ಪಡೆದಿದ್ದ ಕಡಲ ಮಗಳು ಚುನ್-ಹ್ವಾಳ ಬಾಳು ನ್ಯಾಯಕ್ಕಾಗಿ ನಿಲ್ಲುವ ಎಲ್ಲ ನಾಡಿನ ಜನರಿಗೂ ಸ್ಫೂರ್ತಿದಾಯಕವಾಗಿದೆ.